ಭಾನುವಾರದ ಸ್ನಾನ

ಮೊಕ್ಪೊ
ನವೆಂಬರ್ 8, 2006

ನನ್ನ ಮಿರಾನ್, ಅಮ್ಮನ ಆಶೀರ್ವಾದ.

ಜ್ವರ ಇಳಿಯಿತೇ? ನೀನು ಆಸ್ಪತ್ರೆ ಸೇರಿ ಹನ್ನೊಂದು ದಿನವಾದರೂ ನಾನು ಬರಲಿಲ್ಲ, ಕ್ಷಮಿಸು. ಚಳಿಗಾಲಕ್ಕೆ ಎಲೆಕೋಸಿನ ಕಿಮ್ಚಿ ಹಾಕುವ ಕಾಲ, ಅದಕ್ಕೆ ಬೆರೆಸುವ ಉಪ್ಪುಸೀಗಡಿಗೆ ನಮ್ಮ ಅಂಗಡಿಯಲ್ಲಿ ನೂಕುನುಗ್ಗಲು ಎಂದು ಫೋನಿನಲ್ಲಿ ಹೇಳಿದೆನಲ್ಲ, ಅದು ಬರೀ ನೆಪ. ಅಂಗಡಿಯನ್ನು ನಿನ್ನ ತಂಗಿ ಮಿಸುಕ್ ನೋಡಿಕೊಳ್ಳುತ್ತಿದ್ದಾಳೆ. ನಿನ್ನ ಅತ್ತೆಗೆ ಮುಖ ತೋರಿಸುವ ಧೈರ್ಯ ನನಗಿಲ್ಲ.

ನಾಲ್ಕು ವರ್ಷದವಳಿದ್ದಾಗ ನಿನ್ನ ಹೃದಯದ ತೂತಿಗೆ ತೇಪೆ ಹಾಕಿಸಿದ್ದನ್ನು ಮದುವೆಯ ಮಾತುಕತೆಯಲ್ಲಿ ಮುಚ್ಚಿಟ್ಟವಳು ನಾನು. "ಗಂಡನಿಗೊಬ್ಬನಿಗೆ ಹೇಳು, ಅತ್ತೆ ಕಿವಿಗೆ ಮಾತ್ರ ಬೀಳಬಾರ್ದು" ಎಂದು ಆಣೆ ಹಾಕಿಸಿಕೊಂಡೆ. ನೀನು ಆಣೆ ಉಳಿಸಿಕೊಂಡೆ. ಹಲ್ಲು ಕೀಳಿಸಲು ಹೋದಾಗ ಅತ್ತೆ ಪಕ್ಕದಲ್ಲೇ ಕುಳಿತಿದ್ದರಂತೆ. ಹೃದಯದ ತೊಂದರೆ ಏನಾದರೂ ಇದೆಯೇ ಎಂದು ಡಾಕ್ಟರು ಕೇಳಿದ್ದಕ್ಕೆ ಇಲ್ಲ ಎಂದೆಯಂತೆ. ಹೇಳಿದ್ದರೆ ಮೊದಲೇ ಔಷಧಿ ಕೊಡುತ್ತಿದ್ದರು. ಈಗ ಬಾಯಿಯ ಸೋಂಕು ಹೋಗಿ ಆ ತೇಪೆಯ ಮೇಲೆ ಕೂತಿದೆ. ಮುಂದಿನ ಗುರುವಾರ ನಿನ್ನ ಎದೆಯನ್ನು ಮತ್ತೆ ತೆರೆಯುತ್ತಾರೆ.

ನಿನ್ನೆ ನಿನ್ನ ಅತ್ತೆ ಫೋನ್ ಮಾಡಿದ್ದರು. ಬೈಸಿಕೊಳ್ಳಲು ಸಿದ್ಧಳಾಗಿಯೇ ಎತ್ತಿಕೊಂಡೆ.

"ಅಲ್ರೀ, ಸಾವಿನ್ ಬಾಯಿಂದ ಎದ್ದು ಬಂದ ಹುಡುಗಿ, ಅದ್ರಲ್ಲಿ ಮುಚ್ಚಿಡೋದೇನಿತ್ತು? ನಾವೇನು ವಾಪಸ್ ಕಳಿಸ್ಬಿಡ್ತಿದ್ವಾ?" ಎಂದರು. ಆಮೇಲೆ ದನಿ ಇಳಿಸಿ, "ಗಂಜಿ ನಾನೇ ತಿನ್ನಿಸ್ತಿದೀನಿ. ಆದ್ರೆ ಅವ್ಳು ಬಾಗಿಲ ಕಡೆನೇ ನೋಡ್ತಿರ್ತಾಳೆ. ಬಂದ್ಬಿಡಿ" ಎಂದರು. ಬೈದಿದ್ದರೇ ವಾಸಿಯಿತ್ತು.

ಮುಂದಿನ ಬುಧವಾರದ ಮೊದಲ ರೈಲಿಗೆ ಬರುತ್ತೇನೆ. ಆಪರೇಷನ್ ಕೋಣೆಯ ಬಾಗಿಲವರೆಗೂ ನಿನ್ನ ಕೈ ಬಿಡುವುದಿಲ್ಲ, ನೀನೇ ಬಿಡಿಸಿಕೊಂಡರೂ ಸರಿಯೇ. ನನ್ನ ಆಯಸ್ಸೂ ನಿನಗಿರಲಿ.

ನಿನ್ನ ಅಮ್ಮ

ಇನ್ನೊಂದು ಮಾತು: ಮುಚ್ಚಿಡುವುದನ್ನು ನಾನು ನಿನ್ನ ಮದುವೆಯಲ್ಲಿ ಕಲಿತದ್ದಲ್ಲ. ನೀವು ಚಿಕ್ಕವರಿದ್ದಾಗ ಭಾನುವಾರ ಮಿಸುಕ್‌ಳನ್ನು ಮಾತ್ರ ಹೆಂಗಸರೆಲ್ಲ ಒಟ್ಟಿಗೆ ಮೀಯುವ ಬೀದಿಯ ಸ್ನಾನದ ಮನೆಗೆ ಕರೆದೊಯ್ಯುತ್ತಿದ್ದೆ. "ನಿಂಗೆ ಶೀತ ಆಗುತ್ತೆ, ಡಾಕ್ಟ್ರು ಬೇಡ ಅಂದಿದಾರೆ" ಎಂದು ನಿನಗೆ ಹೇಳುತ್ತಿದ್ದೆ. ಯಾವ ಡಾಕ್ಟರೂ ಹಾಗೆ ಹೇಳಿರಲಿಲ್ಲ. ನಿನ್ನ ಎದೆಯ ಮೇಲಿನ ಗೆರೆಯನ್ನು ಮಾರುಕಟ್ಟೆಯ ಹೆಂಗಸರು ನೋಡುತ್ತಾರಲ್ಲ ಎಂದು ನನಗೆ ನಾಚಿಕೆಯಾಗುತ್ತಿತ್ತು. ಅಲ್ಲಿ ಎಲ್ಲ ತಾಯಂದಿರೂ ಮಕ್ಕಳ ಬೆನ್ನು ಉಜ್ಜುತ್ತಿದ್ದರು, ನಾನು ಮಿಸುಕ್‌ಳದನ್ನು ಉಜ್ಜುತ್ತಿದ್ದೆ. ನಾವು ಮರಳುವಷ್ಟರಲ್ಲಿ ನೀನು ಅಂಗಳದ ನಲ್ಲಿಯಲ್ಲಿ ಒಬ್ಬಳೇ ಮೈ ತೊಳೆದುಕೊಂಡು ಕಾಯುತ್ತಿದ್ದೆ. "ಅಮ್ಮಾ, ನನ್ ಬೆನ್ನಿನ ಕೊಳೆ ಹೋಗಿದ್ಯಾ ನೋಡು" ಎಂದು ಕೇಳುತ್ತಿದ್ದೆ.

ಹೋಗಿದೆ ಎಂದು ನಾನು ಹೇಳುತ್ತಿದ್ದೆ. ಒಂದು ದಿನವೂ ನೋಡಿ ಹೇಳಲಿಲ್ಲ.