ಜೇಬಿನ ಮೇಲಿನ ಹೆಸರು

ಮಾರ್ಚ್ ೪, ಮಂಗಳವಾರ

ನಮ್ಮ ಕಾರ್ಖಾನೆ ಮತ್ತೆ ಯಾರ ಜೊತೆಗೋ ವಿಲೀನವಾಯಿತು. ನಾನು ಸೇರಿದಾಗ ಡಯಲ್ ತಿರುಗಿಸುವ ಫೋನು ಮಾಡುತ್ತಿದ್ದೆವು. ಆಮೇಲೆ ಟೆಲಿಫೋನ್ ಎಕ್ಸ್‌ಚೇಂಜಿನ ಯಂತ್ರ ಮಾಡುವವರು ನಮ್ಮನ್ನು ನುಂಗಿದರು, ಅವರನ್ನು ಮೊಬೈಲಿನವರು ನುಂಗಿದರು. ಕಾರ್ಖಾನೆಯ ಹೆಸರು ಬದಲಾದಾಗಲೆಲ್ಲ ಹೊಸ ಅಂಗಿ ಕೊಡಲಿಲ್ಲ, ಹೆಸರಿನ ಬಟ್ಟೆಪಟ್ಟಿ ಮಾತ್ರ ಕೊಟ್ಟರು. ನನ್ನವಳು ಹಳೆಯದನ್ನು ಬಿಚ್ಚದೆ ಅದರ ಮೇಲೆಯೇ ಹೊಲಿಯುತ್ತ ಬಂದಳು. ಈಗ ಜೇಬು ಚಪ್ಪಲಿಯ ಅಟ್ಟೆಯ ಹಾಗೆ ದಪ್ಪಗಾಗಿದೆ.

ಇವತ್ತು ಹೊಸ ಪಟ್ಟಿ ಹಂಚಿದರು. ಬೆಸುಗೆ ವಿಭಾಗದ ನಾವೂ ಸಾಲಿನಲ್ಲಿ ನಿಂತೆವು. ಸ್ಟೋರಿನವನು ಮುಖ ಎತ್ತಲಿಲ್ಲ.

"ನಿಮ್ಮ ವಿಭಾಗಕ್ಕೆ ಬಂದಿಲ್ಲಪ್ಪ."

"ನಾಳೆ ಬರುತ್ತಾ?" ಅಂದೆ.

"ನನ್ನ ಬಾಯಿಂದ ಯಾಕೆ ಹೇಳಿಸ್ತೀಯ?"

ಹೋಗಿ ಮತ್ತೆ ಕೆಲಸಕ್ಕೆ ಕೂತೆವು. ಬೆಸುಗೆಗೆ ಬಂದ ಸರ್ಕ್ಯೂಟ್ ಬೋರ್ಡುಗಳ ಮೇಲೆ ಆಗಲೇ ಹೊಸ ಹೆಸರು ಅಚ್ಚಾಗಿತ್ತು.

ಮನೆಗೆ ಬಂದರೆ ಅವಳು ಸೂಜಿಗೆ ದಾರ ಪೋಣಿಸಿಕೊಂಡು ಕಾಯುತ್ತಿದ್ದಳು.

"ಎಲ್ಲಿ, ಪಟ್ಟಿ ಕೊಡಿ. ಹೊಲಿದುಬಿಟ್ಟು ಮಲಗ್ತೀನಿ."

"ಖಾಲಿಯಾಗಿತ್ತು. ನಾಳೆ ಕೊಡ್ತಾರಂತೆ."

ಅವಳು ಸೂಜಿಯಿಂದ ದಾರ ತೆಗೆಯಲಿಲ್ಲ. ಸೂಜಿಯನ್ನು ಹಾಗೇ ಜೇಬಿಗೆ ಚುಚ್ಚಿ, ಅಂಗಿಯನ್ನು ಗೂಟಕ್ಕೆ ನೇತುಹಾಕಿ ಮಲಗಿದಳು. ನಾನು ಆ ದಾರವನ್ನೇ ನೋಡುತ್ತ ಕೂತಿದ್ದೇನೆ. ನಾಳೆ ಸಂಜೆಯೂ ಅವಳು ಕೈ ಚಾಚುತ್ತಾಳೆ. ಆಗ ನಾನು…