ಕಮಲಕ್ಕನನ್ನು ಕಳಿಸಿದ ದಿನ

ಆಗಸ್ಟ್ ೧೪, ಗುರುವಾರ

ಕಮಲಕ್ಕನ ಮುಖ ಕಣ್ಣಿಂದ ಹೋಗುತ್ತಿಲ್ಲ.

ಬೆಳಿಗ್ಗೆ ಕರೂರಿನ ಫ್ಯಾಕ್ಟರಿಗೆ ಹೋದಾಗ ಹಣ್ಣು ಹೆಪ್ಪುಗಟ್ಟಿಸಿ ಒಣಗಿಸುವ ಫ್ರೀಜ್ ಡ್ರೈಯರ್ ವ್ಯಾಕ್ಯೂಮ್ ಹಿಡಿದಿರಲಿಲ್ಲ. ಪಂಪ್ ಓಡುತ್ತಲೇ ಇತ್ತು, ಎಲ್ಲಿಂದಲೋ ಗಾಳಿ ಒಳಗೆ ಬರುತ್ತಿತ್ತು. ಗಾಳಿಯೆಲ್ಲ ಹೋದರೆ ಮಾತ್ರ ಹಣ್ಣಿನೊಳಗಿನ ಮಂಜುಗಡ್ಡೆ ನೀರಾಗದೆ ನೇರ ಆವಿಯಾಗುತ್ತದೆ. ಇಲ್ಲಿ ಅದು ಕರಗಿ, ಟ್ರೇಗಳ ತುಂಬ ದಾಳಿಂಬೆ ಕಾಳು ರಾಡಿಯಾಗಿತ್ತು.

ಮಾಲೀಕರು ನಾಗಭೂಷಣ್ ಬಾಗಿಲಿನ ರಬ್ಬರ್ ಸವರಿ ನೋಡಿದರು. ಒಂದು ಕಾಳು ಅಂಟಿತ್ತು; ಗಾಳಿ ಇಲ್ಲಿಂದಲೇ ಬರುತ್ತಿದೆ ಅಂದರು. ಬಾಗಿಲು ಹಾಕುವ ಮೊದಲು ಆ ರಬ್ಬರ್ ಒರೆಸುವ ಕೆಲಸ ಕಮಲಕ್ಕನದು.

"ನಾ ಒರೆಸೀನ್ರಿ ಸರ್, ದೇವರಾಣೆ."

"ನಾಳೆಯಿಂದ ಬರಬ್ಯಾಡಮ್ಮ," ಅಂದರು.

ಅವಳು ಮಷಿನ್ ನೋಡಿಕೊಳ್ಳುವ ನನ್ನ ಕಡೆ ತಿರುಗಿದಳು. "ನೀನಾರ ಹೇಳಪ್ಪ ಅರುಣ." ನಾನು ರಬ್ಬರ್ ಬದಲಿಸುತ್ತೇನೆ ಅಂತಷ್ಟೇ ಹೇಳಿದೆ.

ಅವಳು ತನ್ನೂರು ಸಾರಥಿಗೆ ಹೊರಟುಹೋದ ಮೇಲೆ ಹೊಸ ರಬ್ಬರ್ ಹಾಕಿದೆ. ಆಗಲೂ ವ್ಯಾಕ್ಯೂಮ್ ಹಿಡಿಯಲಿಲ್ಲ. ಬಗ್ಗಿ ನೋಡಿದರೆ, ನಿನ್ನೆ ಆವಿ ಹಿಮಗಟ್ಟುವ ಕಂಡೆನ್ಸರ್‌ನ ಹಿಮ ಕರಗಿಸಿ ನೀರು ಬಿಡಲು ನಾನೇ ತೆರೆದಿದ್ದ ವಾಲ್ವ್ ಪೂರ್ತಿ ಮುಚ್ಚಿರಲಿಲ್ಲ.

ಸದ್ದಿಲ್ಲದೆ ತಿರುಗಿಸಿದೆ. ಗೇಜಿನ ಮುಳ್ಳು ಸರ್ರನೆ ಇಳಿಯಿತು.

"ನಾ ಹೇಳಲಿಲ್ವ, ರಬ್ಬರೇ ಅಂತ," ಎಂದು ನಾಗಭೂಷಣ್ ಬೆನ್ನು ತಟ್ಟಿದರು.

ಹೂಂ ಅಂದೆ.

ನಾಳೆ ಅವಳ ಜಾಗಕ್ಕೆ ಬೇರೆಯವರು ಬರುತ್ತಾರಂತೆ. ಅಷ್ಟರೊಳಗೆ ವಾಲ್ವ್ ಬಿಟ್ಟವನು ನಾನೇ ಅಂತ ಮಾಲೀಕರಿಗೆ ಹೇಳಬೇಕು. ಹೇಳುತ್ತೇನೆ ಅಂತ ಇಲ್ಲಿ ಬರೆದು, ಮತ್ತೆ ಹೊಡೆದುಹಾಕಿದೆ.