ಮಗುವನ್ನು ಮುಂದೆ ನಿಲ್ಲಿಸಿದ್ದು ಸಾಕು

ಕಿರಣ,

ಶರಣ್ಯಳನ್ನು ಕರೆದುಕೊಂಡು ನಾನು ಬಸ್ಸಿನಲ್ಲಿ ಹರಿಹರಕ್ಕೆ ಹೊರಟೆ. ನಿಮ್ಮಕ್ಕನ ಮನೆಯ ತೊಟ್ಟಿಲ ಶಾಸ್ತ್ರಕ್ಕೆ ಸ್ಕೂಟರಿನಲ್ಲಿ ನೀನೊಬ್ಬನೇ ಬಾ. ಚಿತ್ರಾನ್ನ ಮುಚ್ಚಿಟ್ಟಿದ್ದೇನೆ, ತಿಂದು ಹೊರಡು.

ನಿನ್ನೆ ಗುಡಿಯ ಮುಂದೆ ಕಂಡದ್ದನ್ನು ನೆನೆದರೆ ಈಗಲೂ ಹೇಸಿಗೆಯಾಗುತ್ತದೆ. ಸದ್ದೇ ಮಾಡದ ಎಲೆಕ್ಟ್ರಿಕ್ ಗಾಡಿ. ಅದನ್ನು ಆಫ್ ಮಾಡದೆ, ಐದು ವರ್ಷದ ಮಗುವನ್ನು ಮುಂದೆ ನಿಲ್ಲಿಸಿಯೇ ನೀನು ಮಿರ್ಚಿ ಕಟ್ಟಿಸಿಕೊಳ್ಳಲು ಇಳಿದೆ. ಅವಳು ಹ್ಯಾಂಡಲ್ ತಿರುವಿದಳು, ಗಾಡಿ ಮೋರಿಯತ್ತ ನುಗ್ಗಿತು. ಹೂ ಮಾರುವ ಪುಟ್ಟಕ್ಕ ಬುಟ್ಟಿ ಬಿಸಾಡಿ ಬಂದು ಅವಳನ್ನು ಎಳೆದುಕೊಂಡಳು. ತನ್ನ ಮೊಣಕೈಯಲ್ಲಿ ರಕ್ತ ಬರುತ್ತಿದ್ದರೂ ಮೊದಲು ಮಗುವಿನ ಕಣ್ಣು ಒರೆಸಿದಳು. ನೀನು? "ನನ್ ಮಗಳು ಆಗ್ಲೇ ಡ್ರೈವರ್ ಆಗ್ಯಾಳ್ ನೋಡ್ರಿ" ಎಂದು ಹಲ್ಲು ಕಿರಿದೆ. ಥೂ!

ಪುಟ್ಟಕ್ಕನ ಕೈ ಹೇಗಿದೆ ಎಂದು ವಿಚಾರಿಸಿಯೇ ಊರು ಬಿಡು.

ಶರಣ್ಯಳಿಗೆ ಹೆಲ್ಮೆಟ್ ತಾ. ಅವಳ ತಲೆಯ ಅಳತೆಗೆ ದಾರ ಕತ್ತರಿಸಿ ಈ ಚೀಟಿಯ ಕೆಳಗಿಟ್ಟಿದ್ದೇನೆ. ಅವಳನ್ನು ನಿನ್ನ ಬೆನ್ನಿಗೆ ಸೇರಿಸಿ ಕಟ್ಟುವ ಬೆಲ್ಟೂ ಬೇಕು. ಇವೆರಡು ಇಲ್ಲದಿದ್ದರೆ ವಾಪಸ್ಸೂ ನಾವು ಬಸ್ಸಿಗೇ ಬರುತ್ತೇವೆ. ಇನ್ನು ಮೇಲೆ ಅವಳು ಹಿಂದೆಯೇ ಕೂರಬೇಕು. ಎಲ್ಲೇ ನಿಲ್ಲಿಸಿದರೂ ಗಾಡಿ ಆಫ್ ಮಾಡಿ, ಮೊದಲು ಅವಳನ್ನು ಇಳಿಸು.

ಬೆಳಿಗ್ಗೆ ಜಡೆ ಹಾಕುವಾಗ ನಿನ್ನ ಮಗಳು ಮೆಲ್ಲಗೆ ಹೇಳಿದಳು: "ಅಜ್ಜಿ, ಮುಂದೆ ನಿಂತ್ರೆ ನಂಗೆ ದಿನಾ ಭಯ ಆಗ್ತೈತೆ. ಅಪ್ಪಂಗೆ ಹೇಳ್ಬ್ಯಾಡ. ಪಾಪ, ಬೇಜಾರ್ ಮಾಡ್ಕೊಂತಾನೆ."

ಹೇಳಿದ್ದೇನೆ. ಬೇಜಾರು ಮಾಡಿಕೋ.

ಅಮ್ಮ